ಏಳನೇ ಚೌಕದ ನೂರು ಮನೆ

ನಮ್ಮ ಕೆಲಸದಲ್ಲಿ ಇಲ್ಲದ್ದನ್ನೂ ಬಾಯಿಬಿಟ್ಟು ಹೇಳಬೇಕು. ಬೆಟ್ಟದ ಮೇಲೆ ಮೀಟರ್ ಉದ್ದ, ಮೀಟರ್ ಅಗಲದ ಚೌಕಗಳನ್ನು ನಾಲ್ಕು ಮೂಲೆಗೂ ಕಬ್ಬಿಣದ ಗೂಟ ಹೊಡೆದು ಗುರುತು ಮಾಡಿದ್ದೇವೆ. ಪ್ರತಿವರ್ಷ ಹಿಮ ಕರಗಿದ ಮೂರನೇ ವಾರ ಅಲ್ಲಿಗೆ ಹೋಗಿ, ದಾರ ಬಿಗಿದ ಮರದ ಚೌಕಟ್ಟನ್ನು ಗೂಟಗಳ ಮೇಲೆ ಕೂರಿಸುತ್ತೇವೆ. ದಾರಗಳ ನಡುವೆ ನೂರು ಮನೆಗಳಾಗುತ್ತವೆ. ಒಬ್ಬರು ಮಂಡಿಯೂರಿ ಒಂದೊಂದು ಮನೆಯಲ್ಲೂ ಎಷ್ಟು ಗಿಡ ಇವೆ ಎಂದು ಕೂಗಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಿ ಬರೆದುಕೊಳ್ಳಬೇಕು. ಮನೆ ಖಾಲಿಯಿದ್ದರೆ ಸುಮ್ಮನೆ ಮುಂದಕ್ಕೆ ಹಾರುವಂತಿಲ್ಲ. "ಇಲ್ಲ" ಅನ್ನಬೇಕು, ಬರೆಯುವವರೂ "ಇಲ್ಲ" ಅನ್ನಬೇಕು. ಈ ನಿಯಮ ಮಾಡಿದವಳು ನನ್ನ ಅಮ್ಮ.

ಬಿಸಿಲು ವರ್ಷ ವರ್ಷಕ್ಕೂ ಏರುವಾಗ ಬೆಟ್ಟದ ಗಿಡಗಳು ಏನು ಮಾಡುತ್ತವೆ ಎಂದು ತಿಳಿಯಲು ಅಮ್ಮ ಇಪ್ಪತ್ತಾರು ವರ್ಷ ಅಲ್ಲಿ ಎಣಿಸಿದಳು. ಬೇರೆಯವರು ವರ್ಷಕ್ಕೊಮ್ಮೆ ಹೋದರೆ ಇವಳು ಬೇಸಿಗೆಯುದ್ದಕ್ಕೂ ವಾರವಾರ ಹೋಗುತ್ತಿದ್ದಳು. ಅದಕ್ಕೆಲ್ಲ ಕಾರಣ ಏಳನೇ ಚೌಕದ ಒಂದು ಜಾತಿಯ ಗಿಡ. ಅಂಗಿಯ ಗುಂಡಿಯಷ್ಟಗಲದ ಎಲೆಗೊಂಚಲು, ಸಾಸಿವೆ ಗಾತ್ರದ ಬಿಳಿ ಮೊಗ್ಗು. ಕಲ್ಲು ಚಳಿ ಯಾವುದಕ್ಕೂ ಜಗ್ಗದ ಅದಕ್ಕೆ ಅಮ್ಮ "ಮೊಂಡಿ" ಎಂದು ಹೆಸರಿಟ್ಟಿದ್ದಳು. ನನ್ನ ಹುಟ್ಟುಹಬ್ಬ ಅವಳಿಗೆ ಎಷ್ಟೋ ಸಲ ಮರೆತಿದೆ, ಮೊಂಡಿ ಅರಳಿದ ತಾರೀಖು ಒಮ್ಮೆಯೂ ಮರೆತಿಲ್ಲ. ಈ ಹೊಟ್ಟೆಯುರಿ ನನಗೆ ಈಗಲೂ ಹೋಗಿಲ್ಲ.

ಅಮ್ಮ ನಿವೃತ್ತಳಾದ ಮೇಲೆ ಆ ಕೆಲಸಕ್ಕೆ ನಾನು ಬಂದೆ. ಪರೀಕ್ಷೆ ಬರೆದೇ ಬಂದೆ, ಆದರೂ ಅಮ್ಮನ ಹೆಸರಿನಿಂದ ಸಿಕ್ಕಿತು ಎನ್ನುವ ಬಾಯಿಗಳಿಗೆ ಬೀಗ ಹಾಕಲಾಗಲಿಲ್ಲ. ಅದರ ಮೇಲೆ, ನಾನು ಎಣಿಸಿದ ಮೊದಲ ವರ್ಷವೇ ಏಳನೇ ಚೌಕದಲ್ಲಿ ಮೊಂಡಿ ಸೊನ್ನೆ. ಎರಡನೇ ವರ್ಷವೂ ಸೊನ್ನೆ. ತಾಯಿ ಇರೋವರೆಗೂ ಇತ್ತು, ಮಗಳು ಬಂದಳು ಓಡಿಹೋಯಿತು ಎಂದು ಆಫೀಸಿನಲ್ಲಿ ನಗೆಯಾಡಿದರು. ಮೂರು ವರ್ಷ ಸತತವಾಗಿ ಸೊನ್ನೆ ಬಂದರೆ ಚೌಕವನ್ನು ಮುಚ್ಚಬೇಕು. ಗೂಟ ಕಿತ್ತು, ಈ ಗಿಡ ಇಲ್ಲಿಂದ ಹೋಯಿತು ಎಂದು ಬರೆದು ಸಹಿ ಹಾಕಬೇಕು. ಇದು ಮೂರನೇ ವರ್ಷ. ಆ ಫಾರಂ ತಾರೀಖು, ಸಹಿ ಮಾತ್ರ ಬಿಟ್ಟು ತಯಾರಾಗಿಯೇ ನನ್ನ ಚೀಲ ಸೇರಿತ್ತು.

ಹೊರಡುವ ದಿನ ಬೆಳಿಗ್ಗೆ ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಚೌಕಟ್ಟಿನ ಸಡಿಲಾದ ದಾರಗಳನ್ನು ಬಿಗಿಯುತ್ತಿದ್ದಳು. ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿ ಅವಳಿಗೆ ಮೆಟ್ಟಿಲು ಇಳಿಯುವುದೇ ಕಷ್ಟ, ಬೆಟ್ಟದ ಮಾತು ದೂರ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಎಂದು ಕಣ್ಣು ಹೇಳುತ್ತಿತ್ತು. ಚೌಕಟ್ಟು ನನ್ನ ಕೈಗೆ ಕೊಡುತ್ತಾ ಇಷ್ಟೇ ಹೇಳಿದಳು: "ಇಲ್ಲದೆ ಇದ್ರೆ ಇಲ್ಲ ಅಂತಾನೇ ಬರಿ. ನನ್ನ ಮುಖ ನೋಡ್ಬೇಡ."

ನನ್ನ ಜೊತೆ ಬರೆಯುವವರು ಪ್ರತಿಧ್ವನಿ ಮಾಮ. ಹೇಳಿದ್ದನ್ನೇ ತಿರುಗಿ ಹೇಳುವ ಕೆಲಸವನ್ನು ಅಮ್ಮನ ಜೊತೆ ಇಪ್ಪತ್ತು ವರ್ಷ ಮಾಡಿದ್ದರಿಂದ ಅವರಿಗೆ ಆ ಹೆಸರು ಬಂತು. ಊಟದ ಹೊತ್ತಲ್ಲಿ ಉಪ್ಪು ಕೊಡಿ ಎಂದರೂ "ಉಪ್ಪು" ಎಂದು ಹೇಳಿಯೇ ಕೊಡುತ್ತಾರೆ. ನಾವಿಬ್ಬರೂ ನಾಲ್ಕು ಗಂಟೆ ಹತ್ತಿ ಏಳನೇ ಚೌಕ ತಲುಪಿದೆವು. ಚೌಕದ ಕೆಳಬದಿಗೆ, ಯಾವಾಗಲೂ ಹಾಸುವ ಜಾಗದಲ್ಲೇ, ರಬ್ಬರ್ ಚಾಪೆ ಹಾಸಿ ಮಂಡಿಯೂರಿದೆ. ಇದೂ ಅಮ್ಮನ ನಿಯಮವೇ. ತುಳಿತ ಬಿದ್ದರೆ ಒಂದೇ ಜಾಗಕ್ಕೆ ಬೀಳಲಿ ಎಂದು ಚಾಪೆಯ ಜಾಗವನ್ನು ಅವಳು ಒಂದು ಗೇಣೂ ಬದಲಿಸಿದವಳಲ್ಲ.

"ಇಲ್ಲ" ಎಂದೆ. "ಇಲ್ಲ" ಎಂದರು ಮಾಮ. ಎರಡನೇ ಮನೆ, ಇಲ್ಲ. ಮೂರನೇ ಮನೆ, ಇಲ್ಲ. ಐವತ್ತು ದಾಟುವ ಹೊತ್ತಿಗೆ ಮಾಮನ ದನಿ ಸಣ್ಣಗಾಯಿತು. ನೂರನೆಯದು ಅವರು ತಿರುಗಿ ಹೇಳಲೇ ಇಲ್ಲ. ನಾನು ತಲೆಯೆತ್ತಿ ನೋಡಿದೆ. ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ನನಗೆ ಸಿಟ್ಟು ಬಂತು. ಗಿಡದ ಮೇಲೋ, ಬಿಸಿಲಿನ ಮೇಲೋ, ಅಮ್ಮನ ಮೇಲೋ ಗೊತ್ತಾಗಲಿಲ್ಲ. ಗೂಟ ಮೀಟಲು ಹಾರೆ ಬೇಕಿತ್ತು, ಹಾರೆ ಚಾಪೆಯ ಮೇಲಿತ್ತು. ಹಾರೆ ತೆಗೆದು ಚಾಪೆಯನ್ನು ದರದರ ಎಳೆದು ಬಿಸಾಕಿದೆ.

ಚಾಪೆಯಡಿ ನೆಲದಲ್ಲಿ ಎರಡು ಕುಳಿಗಳಿದ್ದವು. ಪಕ್ಕಪಕ್ಕದಲ್ಲಿ, ಒಂದೊಂದು ಬೊಗಸೆಯಷ್ಟು. ಅವುಗಳ ತುಂಬ ಮೊಂಡಿ.

ನಾನು ಪಕ್ಕಕ್ಕೆ ಸರಿದು ಬಗ್ಗಿ ನೋಡಿದೆ. ನನ್ನ ಮಂಡಿಯ ಭಾರಕ್ಕೆ ಅಪ್ಪಚ್ಚಿಯಾಗಿದ್ದ ಎಲೆಗಳು ಕಣ್ಣೆದುರೇ ಒಂದೊಂದಾಗಿ ಮೇಲೇಳುತ್ತಿದ್ದವು. ಕೈ ಬೀಸಿ ಮಾಮನನ್ನು ಕರೆದೆ. ಅವರು ಬಂದು ನೋಡಿದರು. ಬೆಟ್ಟದಲ್ಲಿ ಅರ್ಧ ಆಯಸ್ಸು ಕಳೆದ ಮನುಷ್ಯ, ಬೂಟು ಕಳಚಿಟ್ಟು ನಿಂತರು.

ಆ ಕುಳಿಗಳು ಅಮ್ಮನ ಮಂಡಿಗಳವು. ಇಪ್ಪತ್ತಾರು ಬೇಸಿಗೆ, ವಾರವಾರ, ಅದೇ ಜಾಗದಲ್ಲಿ ಊರಿ ಊರಿ ನೆಲ ಅಷ್ಟು ತಗ್ಗಿತ್ತು. ಕೈ ಹಾಕಿ ನೋಡಿದೆ. ಮೇಲಿನ ಚೌಕದ ಮಣ್ಣು ಪುಡಿಪುಡಿ, ಕುಳಿಯೊಳಗಿನ ಮಣ್ಣು ತಣ್ಣಗೆ ಒದ್ದೆಯಾಗಿತ್ತು. ಕರಗಿದ ಹಿಮದ ನೀರು ಅಲ್ಲಿ ಬಂದು ನಿಲ್ಲುತ್ತಿತ್ತು, ಬಿಸಿಲು ಅಂಚಿಗೆ ಬಂದು ನಿಲ್ಲುತ್ತಿತ್ತು. ತನ್ನ ನೂರು ಮನೆಗಳಲ್ಲಿ ಇರಲಾಗದೆ ಮೊಂಡಿ ಒಂದು ಮೊಳ ಕೆಳಗೆ ಇಳಿದು, ತನ್ನನ್ನು ಎಣಿಸಲು ಬರುತ್ತಿದ್ದವಳ ಮಂಡಿ ಗುರುತಿನಲ್ಲಿ ಬೇರು ಬಿಟ್ಟಿತ್ತು. ಎರಡು ವರ್ಷ ನಾನು ಅದರ ಮೇಲೆಯೇ ಕೂತು "ಇಲ್ಲ, ಇಲ್ಲ" ಎಂದು ಕೂಗಿ ಹೋಗಿದ್ದೆ. ಕಣ್ಣು ಚೌಕದ ಮೇಲಿಟ್ಟೇ ಚಾಪೆ ಹಾಸುವ ಅಭ್ಯಾಸ, ಕೂತ ಜಾಗವನ್ನು ಯಾರು ನೋಡುತ್ತಾರೆ? ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ದೊಡ್ಡದಾಗಿ ಮೈ ಜುಮ್ಮೆಂದಿತು. ಇಷ್ಟು ವರ್ಷ ನಾವು ಅದನ್ನು ನೋಡುತ್ತಿದ್ದೇವೆ ಎಂದುಕೊಂಡಿದ್ದೆ, ಎಷ್ಟು ಕಡಿಮೆ ನೋಡಿದ್ದೆವು. ಎಣಿಸಿದೆವು. ಹದಿನಾಲ್ಕು.

ದಿಬ್ಬದ ಬಂಡೆ ಹತ್ತಿದರೆ ಫೋನು ಸಿಗುತ್ತದೆ. ಅಮ್ಮ ಮೊದಲ ರಿಂಗಿಗೇ ಎತ್ತಿದಳು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ.

"ಚೌಕದೊಳಗೆ ಎಷ್ಟು?" ಎಂದು ಕೇಳಿದಳು.

"ಸೊನ್ನೆ. ಆದ್ರೆ ಅಮ್ಮ, ಗೂಟ ಒಂದು ಮೀಟರ್ ಕೆಳಗೆ ಸರಿಸಿದ್ರೆ ಹದಿನಾಲ್ಕು. ಯಾರಿಗೂ ಗೊತ್ತಾಗಲ್ಲ. ನಿನ್ನ ಚೌಕ ಉಳಿಯುತ್ತೆ."

"ಅದು ಹೋದ ಕಡೆಗೆಲ್ಲ ಚೌಕ ಎಳ್ಕೊಂಡು ಹೋದ್ರೆ, ಅದು ಜಾಗ ಬಿಟ್ಟಿತು ಅನ್ನೋದೇ ಗೊತ್ತಾಗಲ್ಲ ಮಗಳೇ. ಅದಕ್ಕೆ ಅಲ್ಲಿ ಇರಕ್ಕಾಗ್ಲಿಲ್ಲ. ಅದನ್ನ ಬರಿ. ಸೊನ್ನೆ ಬರೆದು ಏಳನೇದನ್ನ ಮುಚ್ಚು." ದನಿ ಒಡೆಯಿತು, ಸಾವರಿಸಿಕೊಂಡಳು. "ಆಮೇಲೆ ಕುಳಿ ಸುತ್ತ ಹೊಸ ಚೌಕ ಹಾಕು. ಹೊಸ ನಂಬರು, ಮೊದಲನೇ ವರ್ಷ."

ಮಂಡಿಯೂರುವುದೆಲ್ಲಿ ಎಂದು ಕೇಳಿದೆ. ಹೊಸ ಚೌಕದ ಕೆಳಗೆ ಜಾರುವ ಬಂಡೆ, ಎರಡೂ ಪಕ್ಕ ಬೇರೆ ಗಿಡಗಳ ಹಾಸು. ಉಳಿದಿದ್ದು ಮೇಲ್ಬದಿ ಒಂದೇ, ಅಂದರೆ ಏಳನೇ ಚೌಕ.

"ಅಲ್ಲೇ ಊರು" ಎಂದಳು ಅಮ್ಮ. "ಇನ್ನು ಅಲ್ಲಿ ಯಾರೂ ಇಲ್ವಲ್ಲ."

ಕೆಳಗಿಳಿದು ಬಂದು ಫಾರಂಗೆ ತಾರೀಖು ಹಾಕಿ ಸಹಿ ಮಾಡಿದೆ. ಮಾಮ ಹಾರೆ ಹಾಕಿ ನಾಲ್ಕೂ ಗೂಟ ಮೀಟಿ ತೆಗೆದು, ಕುಳಿಗಳ ಸುತ್ತ ಅಳತೆ ಹಿಡಿದು ಹೊಡೆದರು. ನಾನು ಚಾಪೆ ಹಿಡಿದು ಖಾಲಿ ನೆಲದ ಮುಂದೆ ನಿಂತೆ. ಇಪ್ಪತ್ತಾರು ವರ್ಷ ಅಮ್ಮ ಈ ಒಂದು ಮೀಟರಿನೊಳಗೆ ಬೆರಳು ಕೂಡ ಊರಿರಲಿಲ್ಲ. ಒಮ್ಮೆ ಅವಳ ಮೂಗಿನ ಬೆವರು ಒಳಗೆ ಬಿತ್ತೆಂದು ಅದನ್ನೂ ತಾರೀಖಿನ ಸಮೇತ ಬರೆದಿಟ್ಟಿದ್ದಳು. ಚಾಪೆ ಹಾಸಿದೆ. ಮೊದಲು ಬಲಗಾಲು ಇಟ್ಟೆ, ಆಮೇಲೆ ಎಡಗಾಲು. ಎರಡೂ ಮಂಡಿ ಊರಿದೆ. ನೆಲ ಸ್ವಲ್ಪ ತಗ್ಗಿತು.