ಹೇಸರಗತ್ತೆಗಳು ಗೆಲ್ಲತೊಡಗಿದ ವರ್ಷ

ಆಗಸ್ಟ್ ತಿಂಗಳ ಕೊನೆಯ ವಾರ, ಹೊಯ್ಟ್ ಲ್ಯಾಸಿಟರ್ ತನ್ನ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಲ್ಲಿ ನಿಂತು, ಕೈಗೆ ಮೆತ್ತಿದ್ದ ಗ್ರೀಸನ್ನೂ ಒರೆಸಿಕೊಳ್ಳದೆ ರೇಡಿಯೊ ಸ್ಟೇಷನ್ನಿಗೆ ಫೋನು ಹಚ್ಚಿದ. ಕಾಲೇಜು ಫುಟ್‌ಬಾಲಿನ ಹಂಗಾಮು ಶುರುವಾಗುವ ಮುಂಚೆ, ಈ ಸಲ ತಮ್ಮ ತಂಡದ ಗತಿ ಏನಾದೀತೆಂದು ಜನ ಹೀಗೆ ಫೋನು ಮಾಡಿ ಹೇಳುವುದು ಮಿಸಿಸಿಪ್ಪಿಯ ಆ ಸಣ್ಣ ಊರಾದ ಟ್ಯಾಲಾವಾದ ವಾಡಿಕೆ. ಕ್ಷೌರದಂಗಡಿಯವನೂ ಹೇಳುತ್ತಾನೆ, ಪಾದ್ರಿಯೂ ಹೇಳುತ್ತಾನೆ. ಆದರೆ ಊರು ಕಾಯುವುದು ಹೊಯ್ಟ್‌ನ ಮಾತಿಗೆ. ಅವನು ಬೈದು ಹೇಳುತ್ತಾನೆ, ಹೇಳಿದ್ದು ಹೆಚ್ಚಾಗಿ ನಿಜವೂ ಆಗುತ್ತದೆ.

"ಬಂದ ನೋಡಿ ನಮ್ಮ ಹೊಯ್ಟ್," ಅಂದ ಕಾರ್ಯಕ್ರಮ ನಡೆಸುವ ರ‍್ಯಾಂಡಲ್ ಟುಗಲ್. "ಹೇಳಪ್ಪ, ಈ ವರ್ಷ ನಮ್ಮ ಹೇಸರಗತ್ತೆಗಳು ಹೇಗೆ?"

ಹೇಸರಗತ್ತೆಗಳು ಅನ್ನುವುದು ಟ್ಯಾಲಾವಾ ಕಾಲೇಜು ತಂಡದ ಹೆಸರು.

"ಅವುಗಳನ್ನ ಹೇಸರಗತ್ತೆ ಅಂದು ಆ ಪ್ರಾಣಿಗೆ ಅವಮಾನ ಮಾಡ್ಬೇಡ ರ‍್ಯಾಂಡಲ್. ಹೇಸರಗತ್ತೆ ಭಾರನಾದ್ರೂ ಎಳೆಯುತ್ತೆ. ಇವು ತಿಂದು ಲದ್ದಿ ಹಾಕೋದು ಬಿಟ್ಟು ಇನ್ನೇನೂ ಮಾಡಲ್ಲ."

"ಲೆಕ್ಕ ಹೇಳು, ಲೆಕ್ಕ."

"ಐದು ಗೆಲುವು, ಏಳು ಸೋಲು. ಐದೂ ಜಾಸ್ತಿ ಆಯ್ತು. ಚೆಂಡು ಎಸೆಯೋ ಹುಡುಗ ಯಾವುದೋ ದೊಡ್ಡ ಕಾಲೇಜು ಕಣ್ಣು ಮಿಟುಕಿಸ್ತು ಅಂತ ಗಂಟುಮೂಟೆ ಕಟ್ಟಿದ. ಅವನ ಮುಂದೆ ಗೋಡೆ ಥರ ನಿಲ್ತಿದ್ದ ಐದು ಜನ ಇದ್ರಲ್ಲ, ಮೂವರು ಓದು ಮುಗಿಸಿದ್ರು, ಇಬ್ರು ಅವನ ಬಾಲ ಹಿಡ್ಕೊಂಡು ಹೋದ್ರು. ಈಗ ಎಲ್ಲೆಲ್ಲಿಂದಲೋ ಹುಡುಗರನ್ನ ಕರ್ಕೊಂಡು ಬಂದಿದಾರೆ. ಐದು ಬೇರೆಬೇರೆ ಗಾಡಿಯಿಂದ ಗೇರು ಕಿತ್ತು ಒಂದೇ ಡಬ್ಬಿಗೆ ಹಾಕಿದ್ರೆ ಗಾಡಿ ಓಡುತ್ತೇನಯ್ಯಾ? ಕೋಚ್ ಮಾತ್ರ ಹಲ್ಲು ಬಿಟ್ಕೊಂಡು ಫೋಟೊಗೆ ನಿಂತಿದಾನೆ."

ರ‍್ಯಾಂಡಲ್ ನಗುತ್ತಿದ್ದ. ಆ ನಗು ಹೊಯ್ಟ್‌ಗೆ ಹುರುಪು ಕೊಟ್ಟಿತು. ಬೇಡದ ಮಾತು ಬಾಯಿಂದ ಬಂದದ್ದೇ ಆಗ.

"ನಾನೆಷ್ಟು ಖಾತ್ರಿಯಾಗಿ ಹೇಳ್ತಿದೀನಿ ಗೊತ್ತಾ? ನವೆಂಬರ್ ಕೊನೇ ಶನಿವಾರ, ಮೆರಿಡೇಲ್ ಮೇಲೆ ಪಂದ್ಯ ಇರೋ ದಿನಾನೇ, ನನ್ನ ಮಗಳು ಮದುವೆ ಇಟ್ಕೊಂಡಿದಾಳೆ. ಆಗ್ಲಿ ಅಂದುಬಿಟ್ಟೆ. ಅಷ್ಟೊತ್ತಿಗೆ ನೋಡೋಕೆ ಏನು ಉಳಿದಿರುತ್ತೆ, ಮಣ್ಣು!"

ಟ್ಯಾಲಾವಾದಲ್ಲಿ ಮದುವೆಗೆ ದಿನ ನೋಡುವವರು ಮೊದಲು ನೋಡುವುದು ಪಂದ್ಯಗಳ ವೇಳಾಪಟ್ಟಿಯನ್ನು. ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಶನಿವಾರ ಯಾರೂ ಮದುವೆಯಾಗುವುದಿಲ್ಲ; ಸಾಧ್ಯವಿದ್ದರೆ ಸಾಯುವುದೂ ಇಲ್ಲ. ಅದರಲ್ಲೂ ಪಕ್ಕದೂರಿನ ಮೆರಿಡೇಲ್ ಕಾಲೇಜಿನ ಮೇಲೆ ಆಡುವ ದಿನ ಪೇಟೆಯ ಅಂಗಡಿಗಳೂ ಬಾಗಿಲು ಹಾಕುತ್ತವೆ. ಆ ದಿನ ಮದುವೆ ಅಂದರೆ ರ‍್ಯಾಂಡಲ್ ಬಿಡುತ್ತಾನೆಯೇ?

"ಒಂದು ಮಾತು ಕೇಳ್ತೀನಿ. ಅಕಸ್ಮಾತ್ ನಿನ್ನ ಲೆಕ್ಕ ತಪ್ಪಿ, ಒಂದೂ ಸೋಲದೆ ಅಲ್ಲೀತನಕ ಬಂದ್ರು ಅಂತಿಟ್ಕೋ. ಆ ಶನಿವಾರ ನೀನು ಎಲ್ಲಿರ್ತೀಯ?"

ಹೊಯ್ಟ್ ಬಾಯಿ ತೆರೆದ. ಉತ್ತರ ಬರಲಿಲ್ಲ. ಕಣ್ಣೆದುರು ತುಂಬಿ ತುಳುಕುವ ಗ್ಯಾಲರಿ, ಮೊಟ್ಟೆಯಾಕಾರದ ಚೆಂಡನ್ನು ಎದೆಗೆ ಅವಚಿಕೊಂಡು ನುಗ್ಗುವ ಹುಡುಗ, ಎದ್ದು ನಿಂತ ಜನ. ಕಡೆಗೆ ಅವನು, "ಅದು ಆಗೋ ಹೋಗೋ ಮಾತಲ್ಲ ಬಿಡು," ಎಂದು ಫೋನು ಇಟ್ಟ.

ಸ್ಟೇಷನ್ನಿನವರು ಕೆಟ್ಟ ಮಾತು ಬಂದರೆ ಕತ್ತರಿಸಲೆಂದು ಎಲ್ಲವನ್ನೂ ಸ್ವಲ್ಪ ತಡಮಾಡಿ ಬಿಡುತ್ತಾರೆ. ಹಾಗಾಗಿ ಶೆಡ್ಡಿನ ಮೂಲೆಯ ರೇಡಿಯೊದಲ್ಲಿ ಅವನದೇ ದನಿ ಈಗ ಬರುತ್ತಿತ್ತು. ರ‍್ಯಾಂಡಲ್‌ನ ಪ್ರಶ್ನೆ ಬಂತು. ಆಮೇಲೆ ಏನೂ ಇಲ್ಲ. ರೇಡಿಯೊ ಕೆಟ್ಟಿತೇನೋ ಅನ್ನುವಷ್ಟು ಹೊತ್ತು ಏನೂ ಇಲ್ಲ. ತಾನು ಸುಮ್ಮನಿದ್ದದ್ದು ಇಷ್ಟು ಉದ್ದವಾಗಿತ್ತೇ ಎಂದು ಗೊಣಗುತ್ತ ಹೊಯ್ಟ್ ರೇಡಿಯೊ ಆರಿಸಿ ಮನೆಗೆ ಹೊರಟ.

ಮನೆ ಮುಂದೆ ಮಗಳ ಕಾರು ಅಡ್ಡಾದಿಡ್ಡಿ ನಿಂತಿತ್ತು. ಒಳಗೆ ಹೆಂಡತಿ ಅರ್ಡಿತ್ ಒಲೆಯ ಮುಂದೆ ಬೆಂಡೆಕಾಯಿ ಕರಿಯುತ್ತಿದ್ದಳು, ತಿರುಗಿ ನೋಡಲಿಲ್ಲ. ಮಗಳು ಟ್ವೈಲಾ ನಿಂತೇ ಇದ್ದಳು. ಹಲ್ಲಿನ ಆಸ್ಪತ್ರೆಯ ಕೆಲಸದ ಬಟ್ಟೆಯನ್ನೂ ಬದಲಾಯಿಸಿರಲಿಲ್ಲ.

"ರೋಗಿ ಬಾಯಿ ತೆಕ್ಕೊಂಡು ಕುರ್ಚಿ ಮೇಲೆ ಮಲಗಿದ್ದ ಡ್ಯಾಡಿ," ಅಂದಳು. "ಡಾಕ್ಟ್ರು, ನಾನು, ರೋಗಿ, ಮೂವರೂ ರೇಡಿಯೊದಲ್ಲಿ ನಿನ್ನ ಮಾತು ಕೇಳಿಸ್ಕೊಂಡ್ವಿ. ಬಾಯಲ್ಲಿ ಹತ್ತಿ ಇಟ್ಕೊಂಡವನೂ ನಕ್ಕ."

"ತಮಾಷೆಗೆ ಅಂದೆ ಕಣೇ."

"ಅಂದದ್ದು ತಮಾಷೆ, ಒಪ್ಕೋತೀನಿ. ಅನ್ನದೆ ಇದ್ದದ್ದು?"

ಹೊಯ್ಟ್ ಟೋಪಿ ತೆಗೆದು ಮೇಜಿನ ಮೇಲೆ ಬಿಸಾಡಿದ. "ನಿಂಗೂ ಬೇರೆ ದಿನ ಸಿಗಲಿಲ್ವಾ?"

"ಮದುಮಗ ಆಂಡರ್ಸ್‌ನ ತಮ್ಮನಿಗೆ ಹಡಗಿನ ಕೆಲಸದಿಂದ ರಜೆ ಸಿಗೋದು ಆ ವಾರ ಮಾತ್ರ, ನಿಂಗೆ ಹೇಳಿದ್ದೆ. ನೀನು ಹೂಂ ಅಂದೆ. ಖುಷಿಗೆ ಹುಚ್ಚಿ ಥರ ಅತ್ತುಬಿಟ್ಟೆ ನಾನು. ನಮ್ಮ ಡ್ಯಾಡಿ ನನಗೋಸ್ಕರ ಮೆರಿಡೇಲ್ ಪಂದ್ಯ ಬಿಟ್ಟ ಅಂತ ಊರೆಲ್ಲ ಹೇಳ್ಕೊಂಡು ಬಂದೆ." "ನಿನ್ನ ಶನಿವಾರಗಳನ್ನ ನಾನು ಯಾವತ್ತಾದ್ರೂ ಕೇಳಿದೀನಾ? ನನ್ನ ಹುಟ್ಟಿದ ದಿನ ಅಕ್ಟೋಬರಲ್ಲಿ, ಅದನ್ನೂ ಭಾನುವಾರಕ್ಕೆ ತಳ್ಳಿ ಕೇಕ್ ಕತ್ತರಿಸಿದೋಳು ನಾನು. ಒಂದು ಶನಿವಾರ ಕೇಳಿದೆ. ಸೋಲೋ ತಂಡ ಅಂತ ಕೊಟ್ಟಿದೀಯ. ಬೇಡವಾದ್ದನ್ನ ಎತ್ತಿ ಕೈಗಿಟ್ರೆ ಅದು ಕೊಟ್ಟ ಹಾಗಾ ಡ್ಯಾಡಿ?"

"ಬರ್ತೀನಿ ಅಂದ್ಮೇಲೆ ಬರ್ತೀನಿ."

"ಬಂದು ಕೂತ್ಕೋ. ಚರ್ಚಲ್ಲಿ ಅಪ್ಪನ ಬದಲು ನನ್ನ ಕೈ ಹಿಡ್ಕೊಂಡು ನಡೆಯೋದು ಅಮ್ಮ."

ಹೊಯ್ಟ್ ಅರ್ಡಿತ್‌ಳತ್ತ ನೋಡಿದ. ಅವಳು ಬೆಂಡೆಕಾಯಿ ಮಗುಚಿ, "ನನ್ನನ್ನೇನು ನೋಡ್ತೀಯ? ನಾನೇನು ರೇಡಿಯೊಗೆ ಫೋನ್ ಮಾಡಿದ್ನಾ?" ಅಂದಳು.

ಸೆಪ್ಟೆಂಬರಿನಲ್ಲಿ ಹೇಸರಗತ್ತೆಗಳು ಗೆಲ್ಲತೊಡಗಿದವು.

ಮೊದಲ ಪಂದ್ಯ ಗೆದ್ದಾಗ ಎದುರಾಳಿ ಸತ್ತ ತಂಡ ಅಂದ ಹೊಯ್ಟ್. ಎರಡನೆಯದಕ್ಕೆ ರೆಫರಿ ಕುರುಡ ಅಂದ. ಮೂರನೆಯದನ್ನು ಗೆದ್ದಾಗ ಅನ್ನಲು ಏನೂ ಉಳಿಯಲಿಲ್ಲ. ಎಲ್ಲೆಲ್ಲಿಂದಲೋ ಬಂದ ಆ ಐದು ಹುಡುಗರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರಂತೆ ನಿಂತರು. ಅವರ ಹಿಂದೆ ಹೊಸ ಹುಡುಗ ಊಟಕ್ಕೆ ಕೂತವನಷ್ಟು ನಿಧಾನವಾಗಿ ನೋಡಿ, ಆರಿಸಿ, ಚೆಂಡು ಎಸೆಯುತ್ತಿದ್ದ. ಹೊಯ್ಟ್ ಮೂವತ್ತು ವರ್ಷದಿಂದ ಇಂಥ ತಂಡಕ್ಕೆ ಬಾಯಿಬಿಟ್ಟುಕೊಂಡು ಕಾದಿದ್ದ. ಬಂದದ್ದು ಈ ವರ್ಷವೇ. ಗೆದ್ದಾಗಲೆಲ್ಲ ಅವನ ಮೈ ಉರಿಯುತ್ತಿತ್ತು.

ಊರಿನವರು ಬಿಡಬೇಕಲ್ಲ. ಪೆಟ್ರೋಲ್ ಬಂಕಿನಲ್ಲಿ, "ಮಿಸ್ಟರ್ ಹೊಯ್ಟ್, ಸೂಟು ಹೊಲಿಸಿದ್ರಾ, ಇಲ್ಲ ತಂಡದ ಅಂಗೀನೇ ಹಾಕ್ಕೊಂಡು ಹೋಗ್ತೀರಾ?" ಎಂದು ಕೇಳುತ್ತಿದ್ದರು. ಭಾನುವಾರ ಪ್ರಾರ್ಥನೆ ಮುಗಿದು ಬಾಗಿಲಲ್ಲಿ ಕೈ ಕುಲುಕುವಾಗ ಪಾದ್ರಿಯೇ, "ಹೊಯ್ಟ್, ನಾನಂತೂ ಆ ದಿನ ಚರ್ಚಲ್ಲಿ ಇರ್ಲೇಬೇಕು, ಬೇರೆ ದಾರಿ ಇಲ್ಲ. ನಿನ್ನ ಕತೆ ಏನು?" ಅಂದ. ಹೊಯ್ಟ್ ದೇವರ ಮನೆಯ ಬಾಗಿಲಲ್ಲಿ ಅನ್ನಬಾರದ್ದೊಂದನ್ನು ಅಂದ.

ಅಕ್ಟೋಬರಿನ ಒಂದು ಬೆಳಿಗ್ಗೆ ಆಂಡರ್ಸ್ ಶೆಡ್ಡಿಗೆ ಬಂದ. ಉತ್ತರದ ಚಳಿ ರಾಜ್ಯದವನು, ನರ್ಸ್ ಕೆಲಸದವನು. ಚೆಂಡಿನ ಯಾವ ತುದಿ ಮುಂದೆ ಅನ್ನುವುದೂ ತಿಳಿಯದ ಭಾವೀ ಅಳಿಯ.

"ತಂಡ ಚೆನ್ನಾಗಿ ಆಡ್ತಿದೆಯಂತೆ ಸರ್. ನಿಮಗೆ ತೊಂದರೆ ಆಯ್ತಲ್ಲ. ಬೇಕಾದ್ರೆ ಮದುವೆ ಬೆಳಿಗ್ಗೆಗೆ ಇಡೋಣ, ನಾನು ಟ್ವೈಲಾಗೆ ಹೇಳ್ತೀನಿ," ಅಂದ ಪಾಪ.

"ಮುಟ್ಬೇಡ!" ಹೊಯ್ಟ್ ಸ್ಪಾನರ್ ಎತ್ತಿ ಗದರಿದ. "ಇಟ್ಟ ಹೊತ್ತಿಗೇ ಇರ್ಲಿ. ಪಂದ್ಯ ಶುರುವಾಗೋ ಹೊತ್ತಿಗೆ ಸರಿಯಾಗಿ."

ಹುಡುಗ ಬೆಪ್ಪಾಗಿ ಹೋದ. ಆಮೇಲೆ ಹೊಯ್ಟ್ ಟ್ರ್ಯಾಕ್ಟರಿನ ಚಕ್ರಕ್ಕೆ ಒರಗಿ ತನ್ನ ಬಾಯಿಂದ ಬಂದ ಮಾತನ್ನು ತಾನೇ ಯೋಚಿಸಿದ. ಮಗಳು ಕೇಳಿದ್ದು ಏನು? ಬೇಡವಾದ್ದನ್ನು ಕೊಟ್ಟರೆ ಕೊಟ್ಟ ಹಾಗಾ ಅಂದಿದ್ದಳು. ಹಾಗಾದರೆ ಬೇಕಾದ್ದನ್ನು, ಜೀವಕ್ಕಿಂತ ಬೇಕಾದ್ದನ್ನು ಬಿಟ್ಟು ಬಂದರೆ? ಒಂದೂ ಸೋಲದ ತಂಡ ಚಾಂಪಿಯನ್ ಪಟ್ಟಕ್ಕಾಗಿ ಮೆರಿಡೇಲ್ ಮೇಲೆ ಆಡುವ ಹೊತ್ತಿಗೆ ಅವನು ಇಸ್ತ್ರಿ ಹಾಕಿದ ಸೂಟಿನಲ್ಲಿ ಚರ್ಚಿನ ಬಾಗಿಲಲ್ಲಿ ನಿಂತಿದ್ದರೆ, ಆಗ ಅವಳು ಏನೆಂದಾಳು?

ಅಂದಿನಿಂದ ಅವನು ಹೇಸರಗತ್ತೆಗಳು ಗೆಲ್ಲಲೆಂದು ಹಲ್ಲು ಕಚ್ಚಿ ಕೂತ. ತಾನು ನೋಡದೆ ಬಿಡಬೇಕಾದ ಪಂದ್ಯ ದೊಡ್ಡದಾಗಲಿ ಎಂದು ಗ್ಯಾಲರಿಯಲ್ಲಿ ಗಂಟಲು ಹರಿದುಕೊಂಡ. ಪಕ್ಕದಲ್ಲಿ ಕೂತವರು, ಕಡೆಗೂ ಇವನಿಗೆ ನಂಬಿಕೆ ಬಂತು ಅಂದುಕೊಂಡು ಬೆನ್ನು ತಟ್ಟಿದರು. ಅವನು ಅವರ ಕೈ ಕೊಡವಿದ.

ಹೀಗೆ ತಂಡ ಒಂದೂ ಸೋಲದಿರುವಾಗಲೇ ಮದುವೆಗೆ ಒಂದು ವಾರ ಉಳಿಯಿತು. ಮೆರಿಡೇಲ್‌ಗಿಂತ ಹಿಂದಿನ ಪಂದ್ಯ ಆ ಶನಿವಾರ. ಅದನ್ನು ಗೆದ್ದರೆ ಪಟ್ಟ ಮೆರಿಡೇಲ್ ಪಂದ್ಯದಲ್ಲೇ ತೀರ್ಮಾನವಾಗುವುದು. ಸೋತರೆ ಅಲ್ಲಿಗೇ ಪಟ್ಟದ ಆಸೆ ಮುಗಿಯಿತು. ಕೊನೆಯ ಗಳಿಗೆಯಲ್ಲಿ ಹೇಸರಗತ್ತೆಗಳಿಗೆ ಗೆರೆ ದಾಟಿ ಗೆಲ್ಲಲು ಬೇಕಾಗಿದ್ದದ್ದು ಇನ್ನೊಂದು ಗಜ. ಅಷ್ಟು ದಿನ ಎಲ್ಲರನ್ನೂ ತಳ್ಳಿ ಬೀಳಿಸಿದ ಆ ಐದು ಹುಡುಗರು ಬಾಗಿ, ಸಿದ್ಧವಾಗಿ ನಿಂತಿದ್ದರು. ಕೋಚ್ ಅವರನ್ನು ನುಗ್ಗಿಸಲಿಲ್ಲ. ಗೆಲ್ಲಲು ಅಷ್ಟೇ ಸಾಕೆಂದು ಚೆಂಡನ್ನು ಗೋಲು ಕಂಬಗಳ ನಡುವೆ ಒದೆಯಲು ಹೇಳಿದ. ಚೆಂಡು ಹೋಗಿ ಬಲಗಡೆಯ ಕಂಬಕ್ಕೆ ಬಡಿಯಿತು, ಟಣ್ಣೆಂದು. ಹೇಸರಗತ್ತೆಗಳು ಸೋತವು.

ಹೊಯ್ಟ್ ಮನೆಯೊಳಗೆ ಬಂದದ್ದು ಗಾಳಿಮಳೆ ನುಗ್ಗಿದ ಹಾಗೆ. ಅಡುಗೆಮನೆಯ ಮೇಜಿನ ಮೇಲೆ ಅರ್ಡಿತ್ ಮತ್ತು ಟ್ವೈಲಾ ಮದುವೆಗೆ ಬಂದವರಿಗೆ ಕೊಡಲು ಪುಟ್ಟ ಚೀಲಗಳಲ್ಲಿ ಸಕ್ಕರೆ ಹಚ್ಚಿದ ಪೆಕಾನ್ ಬೀಜ ತುಂಬಿ ರಿಬ್ಬನ್ ಕಟ್ಟುತ್ತಿದ್ದರು. ಅವನು ಟೋಪಿಯನ್ನು ಗೋಡೆಗೆ ಎಸೆದ, ಕುರ್ಚಿಯನ್ನು ಒದ್ದ, ಕಾಲು ನೋವಾಗಿ ಕುರ್ಚಿಯನ್ನೇ ಬೈದ.

"ಮದುವೆಗೆ ಒಂದು ವಾರ ಇದೆ," ಅಂದಳು ಟ್ವೈಲಾ ತಣ್ಣಗೆ. "ಈ ಮನೇಲಿ ಮಾತ್ರ ಸೂತಕ."

"ಹೌದು ಸೂತಕ! ಒಂದು ಗಜ! ಒಂದೇ ಒಂದು ಗಜ ಕಣೇ! ಆ ಹೇಡಿ ಒದಿಯೋಕೆ ಹೇಳಿದ. ಎಲ್ಲಾ ಹಾಳಾಯ್ತು, ನಿಂಗೆ ಕೊಡೋಕೆ ನನ್ನ ಹತ್ರ ಈಗ ಏನೂ ಇಲ್ಲ!"

"ನಂಗೆ ಕೊಡೋಕೆ?"

"ಇನ್ಯಾರಿಗೆ? ಗೆಲ್ತಾ ಗೆಲ್ತಾ ಬರ್ತಾರೆ, ಆ ಶನಿವಾರ ಇಡೀ ಊರು ಅಲ್ಲಿರುತ್ತೆ, ನಾನು ಮಾತ್ರ ಬಿಟ್ಟು ಬರ್ತೀನಿ, ಆಗ್ಲಾದ್ರೂ ನೀನು ಒಪ್ಕೋತೀಯ ಅಂದ್ಕೊಂಡಿದ್ದೆ. ಅಕ್ಟೋಬರಿಂದ ಅದಕ್ಕೇ ಕಿರುಚಿದೀನಿ. ಈಗ ನೋಡು, ಮತ್ತೆ ಸೋತ ತಂಡ. ಮತ್ತೆ ಬೇಡವಾದ ಶನಿವಾರ!"

ಟ್ವೈಲಾ ಕೈಯಲ್ಲಿದ್ದ ರಿಬ್ಬನ್ನು ಕೆಳಗಿಟ್ಟಳು. ತಾಯಿಯತ್ತ ನೋಡಿದಳು. ಅರ್ಡಿತ್ ಬೀಜ ತುಂಬುತ್ತಲೇ ಅಂದಳು: "ಒಂದೂ ಗೆಲ್ಲದ ವರ್ಷ ಆಲಿಕಲ್ಲು ಮಳೇಲಿ ಮೆರಿಡೇಲ್ ಪಂದ್ಯ ನೋಡಿ ಜ್ವರ ಬರಿಸ್ಕೊಂಡು ಬಂದೋನು ಯಾರಪ್ಪ? ನಂಗಂತೂ ಅವನು ನಿನ್ನ ಹಾಗೇ ಕಾಣಿಸಿದ್ದ."

"ಅದು ಬೇರೆ," ಅಂದ ಹೊಯ್ಟ್.

"ಏನು ಬೇರೆ?"

"ಅದು ಮೆರಿಡೇಲ್ ಕಣೇ! ಆ ದರಿದ್ರದವರ ಕೈಲಿ ಸೋತ್ರೆ ವರ್ಷವಿಡೀ ತಲೆ ಎತ್ತೋ ಹಾಗಿಲ್ಲ. ಪಟ್ಟ ಇರ್ಲಿ, ಬಿಡ್ಲಿ, ಅವರನ್ನ..." ಅವನು ಅಲ್ಲಿಗೆ ನಿಂತ.

"ಅಂದ್ರೆ ನೋಡ್ಬೇಕು ಅನ್ಸುತ್ತೆ," ಅಂದಳು ಟ್ವೈಲಾ.

"ಅನ್ಸುತ್ತೆ."

"ಎಷ್ಟು?"

"ಪ್ರಾಣ ಹೋಗೋ ಅಷ್ಟು! ಸಾಕಾ?"

"ಆದ್ರೂ ಆ ಹೊತ್ತಿಗೆ..."

"ಬರ್ತೀನಿ ಅಂದ್ನಲ್ಲೇ! ಹಿಂದಿನ ಬೆಂಚಲ್ಲಿ ಕೂರಿಸಿದ್ರೂ ಬರ್ತೀನಿ, ಹೊರಗೆ ನಿಲ್ಸಿದ್ರೂ ಬರ್ತೀನಿ! ಎಷ್ಟು ಸಲ ಹೇಳ್ಸ್ತೀಯ?"

ಅವನು ಕಿರುಚಿದ ರಭಸಕ್ಕೆ ಮೇಜಿನ ಮೇಲಿಂದ ಒಂದೆರಡು ಬೀಜ ಉರುಳಿ ಬಿದ್ದವು. ಟ್ವೈಲಾ ಬಗ್ಗಿ ಅವನ್ನು ಹೆಕ್ಕಿದಳು. ಎದ್ದಾಗ ಮುಖ ಕೆಂಪಗಿತ್ತು. ಸಿಟ್ಟು ಪೂರ್ತಿ ಹೋಗಿರಲಿಲ್ಲ.

"ಚರ್ಚಲ್ಲಿ ನಡೆಯುವಾಗ ಅಮ್ಮ ನನ್ನ ಬಲಗಡೆ. ಅದನ್ನ ಬದಲಾಯಿಸಲ್ಲ, ಅವಳಿಗೆ ಮಾತು ಕೊಟ್ಟಿದೀನಿ. ಎಡಗಡೆ ನೀನು ಬಾ. ಫೋನು ಮನೇಲಿ ಬಿಟ್ಟು ಬಾ. ಮಧ್ಯದಲ್ಲಿ ಯಾರಾದ್ರೂ ನಿನ್ನ ಕಿವೀಲಿ ಸ್ಕೋರು ಹೇಳಿದ್ರೆ ಅವರನ್ನೂ ನಿನ್ನನ್ನೂ ಆಚೆ ಹಾಕಿಸ್ತೀನಿ."

ಹೊಯ್ಟ್ ತಾನು ಒದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಕೂತ. ಅರ್ಡಿತ್ ಅವನ ಮುಂದೆ ಚೀಲಗಳನ್ನೂ ರಿಬ್ಬನ್ನನ್ನೂ ತಳ್ಳಿದಳು. ಅವನು ದಪ್ಪ ಬೆರಳುಗಳಲ್ಲಿ ಒಂದು ಚೀಲ ಎತ್ತಿಕೊಂಡು, ರಿಬ್ಬನ್ ಸುತ್ತಿ, ಎಳೆದ.

"ಒಂದು ಗಜ," ಅಂದ. "ನಮ್ಮ ಅರ್ಡಿತ್ ಕೈಗೆ ಚೆಂಡು ಕೊಟ್ಟಿದ್ರೂ ದಾಟ್ತಿದ್ಳು. ಅಂಥವನನ್ನ ಕೋಚ್ ಅಂತಾರಲ್ಲ, ಅವನ..."

"ಅಷ್ಟು ಬಿಗೀಬೇಡ ಡ್ಯಾಡಿ," ಅಂದಳು ಟ್ವೈಲಾ. "ಜನ ತಿನ್ನೋಕೆ ಬಿಚ್ಬೇಕು ಅದನ್ನ."