ನಲವತ್ತೆರಡು ಇಂಚು

"ನಿಮ್ಮ ಟೇಪು ಕುಗ್ಗಿದೆ ಡಾಕ್ಟ್ರೇ," ಎಂದ ಟೈಲರ್. "ನಂದು ಮೂವತ್ತಾರು."

ಡಾಕ್ಟರಮ್ಮ ಸೊಂಟ ಅಳೆದ ಟೇಪನ್ನು ಮೇಜಿನ ಮೇಲಿಟ್ಟರು. ಅವನು ಬಿಡುವವನಲ್ಲ. ಆಸ್ಪತ್ರೆಗೂ ಕುತ್ತಿಗೆಗೆ ಹಾಕಿಕೊಂಡೇ ಬಂದಿದ್ದ ತನ್ನ ಟೇಪು ತೆಗೆದು, ಉಸಿರು ಬಿಗಿಹಿಡಿದು, ಸೊಂಟಕ್ಕೆ ಸುತ್ತಿ ನೋಡಿದ. ನಲವತ್ತೊಂದೂವರೆ. ಉಸಿರು ಬಿಟ್ಟ ಮೇಲೆ ನಲವತ್ತೆರಡು.

ಬೀದಿಯ ಗಂಡಸರ ಸೊಂಟವನ್ನೆಲ್ಲ ದೂರದಿಂದಲೇ ನೋಡಿ ಕರಾರುವಾಕ್ಕಾಗಿ ಹೇಳುವ ಮನುಷ್ಯ ಇವನು. ತನ್ನದೊಂದು ಗೊತ್ತಿರಲಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ಆದರೆ ನಿಜ. ಬೇರೆ ಗಂಡಸರಿಗೆ ಪ್ಯಾಂಟು ಬಿಗಿಯಾದರೆ ಹೊಸದು ಕೊಳ್ಳಬೇಕು, ಅಂಗಡಿಯವನ ಮುಂದೆ ನಂಬರು ಹೇಳಬೇಕು, ಆಗ ನಾಚಿಕೆಯಾದರೂ ಆಗುತ್ತದೆ. ಇವನು ಗಿರಾಕಿ ಇಲ್ಲದ ಮಧ್ಯಾಹ್ನ ಹಿಂದಿನ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿಕೊಳ್ಳುತ್ತಿದ್ದ. ಒಳಗೆ ಬಿಟ್ಟಿದ್ದ ಬಟ್ಟೆ ಮುಗಿದ ಮೇಲೆ ಪಕ್ಕಕ್ಕೊಂದು ಪಟ್ಟಿ ಕೊಟ್ಟ. ಅದೂ ಸಾಲದಾದಾಗ ಇನ್ನೊಂದು. ಪ್ಯಾಂಟು ಯಾವತ್ತೂ ಬಿಗಿಯಾಗಲಿಲ್ಲ, ಹಾಗಾಗಿ ಹೊಟ್ಟೆ ಬಂದಿದೆ ಎಂದು ಈ ಮಹಾನುಭಾವನಿಗೆ ಅನ್ನಿಸಲೂ ಇಲ್ಲ.

ಅವನು ಬಂದದ್ದು ಪಾದ ಜುಮ್ಮೆನ್ನುತ್ತದೆ ಎಂದು. ರಕ್ತಪರೀಕ್ಷೆಯ ಕಾಗದದಲ್ಲಿ ಸಕ್ಕರೆ, ಕೊಬ್ಬು ಎರಡೂ ಮಿತಿ ಮೀರಿದ್ದವು, ಬಿಪಿಯೂ ಏರಿತ್ತು. ಡಾಕ್ಟರಮ್ಮ ಕಾಗದ ಮಡಚಿಟ್ಟು, ಮನೆಯವರ ಜೊತೆ ಹೇಗಿದ್ದೀರಿ ಎಂದು ಕೇಳಿದರು.

"ಒಳ್ಳೆ ಹೆಂಗಸು ಡಾಕ್ಟ್ರೇ. ಯಾವುದಕ್ಕೂ ಜಗಳ ಆಡೋಳಲ್ಲ."

"ಅವರು ಒಳ್ಳೆಯವರಾ ಅಂತ ನಾನು ಕೇಳ್ಲಿಲ್ಲ."

ಹೊರಗೆ ಇನ್ನೂ ಎಂಟು ಜನ ಕಾಯುತ್ತಿದ್ದರು. ಡಾಕ್ಟರಮ್ಮ ಹಾಸಿಗೆಯ ವಿಷಯವನ್ನೇ ಬಿಡಿಸಿ ಕೇಳಿದರು. ಅವನು ಕಿಟಕಿ ನೋಡಿದ. ಮೂರನೇ ಸಲ ಕೇಳಿದಾಗ, ಎರಡು ವರ್ಷದಿಂದ ಏನೂ ಆಗುತ್ತಿಲ್ಲವೆಂದು ಮೇಜಿಗೆ ಹೇಳಿದ. ಹೆಂಡತಿ ನಿದ್ದೆ ಹೋಗುವವರೆಗೂ ಕೆಲಸದ ನೆಪ ಹೇಳಿ ಅಂಗಡಿಯಲ್ಲೇ ಇರುತ್ತಿದ್ದುದನ್ನೂ ಹೇಳಿದ. ಕೊನೆಗೆ ಒಂದು ಪುಡಿಯ ವಿಷಯ ಬಾಯಿಬಿಟ್ಟ. ಜಾಹೀರಾತು ನೋಡಿ ತರಿಸಿದ್ದು, ತಿಂಗಳಿಗೊಂದು ಡಬ್ಬಿ, ಬಾಯಿಗಿಟ್ಟರೆ ಬರೀ ಸಿಹಿ, ಹಾಲಿಗೆ ಹಾಕಿಕೊಂಡು ದಿನಕ್ಕೆರಡು ಲೋಟ. ಸಕ್ಕರೆ ಏರಿದ ಮನುಷ್ಯ ಗಂಡಸ್ತನಕ್ಕೆಂದು ಎರಡು ವರ್ಷ ಸಕ್ಕರೆ ಕುಡಿದಿದ್ದ. ಡಾಕ್ಟರಮ್ಮ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

"ನೋಡಿ, ಇದು ಗಂಡಸ್ತನದ ಮಾತಲ್ಲ, ರಕ್ತದ ಓಡಾಟದ ಮಾತು. ಸಕ್ಕರೆ, ಬೊಜ್ಜು, ಬಿಪಿ ಸೇರ್ಕೊಂಡು ನಾಳ, ನರ ಎರಡನ್ನೂ ಕೆಡಿಸ್ತವೆ. ಅಲ್ಲಿನ ನಾಳ ಸಣ್ಣದು, ಅದಕ್ಕೆ ಎಷ್ಟೋ ಜನಕ್ಕೆ ಅಲ್ಲೇ ಮೊದಲು ಗೊತ್ತಾಗೋದು. ಸುಮ್ನಿದ್ರೆ ಆಮೇಲೆ ಹೃದಯಕ್ಕೆ ಬರುತ್ತೆ."

ಪುಡಿ ಬಿಡಿ, ಮಾತ್ರೆ ತಗೊಳ್ಳಿ, ನಡೆಯಿರಿ, ಹೊಟ್ಟೆ ಇಳಿಸಿ. ಸುಧಾರಿಸುತ್ತದೆ, ಎಷ್ಟೆಂದು ಈಗಲೇ ಹೇಳಲಾರೆ ಎಂದರು. ಹೊರಗೆ ಬೆಂಚಿನ ಮೇಲಿರುವ ಹೆಂಡತಿಯನ್ನು ಕರೆದು ತಾವೇ ಹೇಳಲೇ ಎಂದೂ ಕೇಳಿದರು. ಬೇಡ, ನಾನೇ ಹೇಳುತ್ತೇನೆ ಎಂದ.

ಹೊರಗೆ ಬಂದು ಹೇಳಿದ್ದೇನು? ಸ್ವಲ್ಪ ಶುಗರ್ ಅಂತೆ, ಅಷ್ಟೇ. ಔಷಧಿ ಅಂಗಡಿ ದಾಟಿದರು, ಸೇತುವೆ ದಾಟಿದರು, ಮನೆಯ ಮೆಟ್ಟಿಲು ಹತ್ತಿದರು, ಇನ್ನೊಂದು ಮಾತು ಬರಲಿಲ್ಲ. ಗಿರಾಕಿಗಳ ಹತ್ತಿರ ಗಂಟೆಗಟ್ಟಲೆ ಹರಟುವ ಬಾಯಿಗೆ ಈಗ ಏನು ಬಂದಿತ್ತು ರೋಗ?

ಊಟದ ಜೊತೆಗೆ ಮಾತ್ರೆ ಎಂದಿದ್ದರಿಂದ ಅವಳು ಏಳು ಗಂಟೆಗೇ ತಟ್ಟೆ ಹಾಕಿದಳು. ಒಂದೇ ತಟ್ಟೆ. ಅವನು ಕೈ ತೊಳೆದು ಬಂದು ಕೂತ, ಮಾತ್ರೆಯ ಹಾಳೆಯನ್ನು ತಿರುವಿ ಮುರುವಿ ನೋಡಿದ.

"ಅದೂ ಶುಗರಿಂದಾನೇ ಅಂತೆ," ಎಂದ. "ಅದೇ, ನಮ್ಮಿಬ್ಬರದು. ನಿಂದೇನೂ ತಪ್ಪಿಲ್ಲ."

ಬಡಿಸುತ್ತಿದ್ದ ಸೌಟು ನಿಂತಿತು.

"ನಾನು ದಪ್ಪ ಆಗಿದೀನಿ, ಅದಕ್ಕೇ ನಿಮಗೆ ಬೇಡವಾಗಿದೀನಿ ಅಂದ್ಕೊಂಡು ರಾತ್ರಿ ಊಟ ಬಿಟ್ಟು ಒಂದೂವರೆ ವರ್ಷ ಆಯ್ತು," ಎಂದಳು. ದನಿ ಏರಿಸಲಿಲ್ಲ. "ನನ್ನ ಬಟ್ಟೆ ಮೂರು ಸಲ ಹಿಡಿದು ಚಿಕ್ಕದು ಮಾಡ್ಕೊಟ್ರಿ. ಯಾಕೆ ಇಳಿದುಹೋಗಿದೀಯ ಅಂತ ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಸೊಂಟದಲ್ಲಿ ಒಂದು ಇಂಚು, ಮತ್ತೊಂದು ಇಂಚು ಎಂದು ಚೀಟಿಯಲ್ಲಿ ಬರೆದುಕೊಂಡು ಹೊಲಿದಿದ್ದ. ಡಾಕ್ಟರಮ್ಮನ ಎದುರಿಗೂ ಆಗದಷ್ಟು ನಾಚಿಕೆ ಈಗ ಆಯಿತು. ಎದ್ದು ಅಂಗಡಿಗೆ ಹೋಗಿಬಿಡೋಣ ಎನ್ನಿಸಿತು. ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಇನ್ನೊಂದು ತಟ್ಟೆ ತಂದು ಅವಳ ಮುಂದಿಟ್ಟ.

ಅವಳು ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ ಬಡಿಸಿಕೊಂಡು, ಅವನತ್ತ ನೋಡದೆ ತಿನ್ನತೊಡಗಿದಳು. ಮುಗಿದ ಮೇಲೆ ಮತ್ತೆ ಬಡಿಸಿಕೊಂಡಳು.