ಸೊನ್ನೆಯ ವೇಗ

ಎರಡು ಪಟ್ಟು ವೇಗ ಹೇಗೆ ಬಂತು? ಅದೇ ಯಂತ್ರ, ಅದೇ ಡಿಸ್ಕು, ಅದೇ ಮೇಜು. ಕೆನ್ನೆಗೆ ಹಚ್ಚಿದ್ದ ನೊರೆ ಒಣಗುತ್ತಿತ್ತು, ರೇಜರು ಕೈಯಲ್ಲೇ ಇತ್ತು. ಹೊರಗೆ ಹೆಂಡತಿ ಫೋನಿನಲ್ಲಿ ನಗುತ್ತಿದ್ದಳು.

ಅದು ಅವಳು ತನ್ನ ತಂಗಿಯ ಜೊತೆ ನಗುವ ನಗುವಲ್ಲ ಎಂದು ಅವನಿಗೆ ಗೊತ್ತು. ತಂಗಿಯ ಜೊತೆ ಅವಳು ಮಾತಿನ ನಡುನಡುವೆ ನಗುತ್ತಾಳೆ. ಇದು ಮಾತನ್ನೇ ನಿಲ್ಲಿಸಿ, ಉಸಿರು ಸಿಕ್ಕಿಕೊಳ್ಳುವಂತೆ ನಗುವ ನಗು. ಅಂದರೆ ಫೋನು ತಂಗಿಯ ಕೈಯಿಂದ ತಂಗಿಯ ಗಂಡನ ಕೈಗೆ ಹೋಗಿದೆ. ಅಂದರೆ ಷಡ್ಡಕ. ಬೆಳಗಾಗೆದ್ದು ಇನ್ನೊಬ್ಬನ ಹೆಂಡತಿಯನ್ನು ನಗಿಸುವಷ್ಟು ಮಾತು ಆ ಷಡ್ಡಕನಿಗೆ ಎಲ್ಲಿಂದ ಸಿಗುತ್ತದೆ ಎಂದು ಅವನು ಕನ್ನಡಿಯನ್ನು ಕೇಳಿದ.

"ಯಾರು?" ಎಂದ ಹೊರಗೆ ಬಂದು.

"ಅವಳೇ."

"ಅವಳೊಬ್ಬಳೇನಾ?"

"ಅವನೂ ಇದ್ದ. ಯಾಕೆ?"

"ಏನಿಲ್ಲ."

"ಗದ್ದದ ಮೇಲೆ ಇನ್ನೂ ನೊರೆ ಇದೆ ನೋಡಿ," ಎಂದು ಅವಳು ಸೋಫಾದ ಮೇಲಿದ್ದ ಉಣ್ಣೆಯ ಉಂಡೆ ಎತ್ತಿಕೊಂಡು ಹೆಣೆಯಲು ಕುಳಿತಳು. ಅಂಗೈಯಗಲದ ಬಿಳಿ ಸ್ವೆಟರು. ತಂಗಿಗೆ ಏಳನೇ ತಿಂಗಳು. ಆ ಇಬ್ಬರ ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಆ ಮನೆಯಲ್ಲಿ ಎಲ್ಲವೂ ಬೇಗ ಆಗುತ್ತದೆ.

ಷಡ್ಡಕನನ್ನು ತನ್ನ ಆಫೀಸಿಗೆ ತಂದವನು ತಾನೇ ಎನ್ನುವುದು ಇನ್ನೊಂದು ತಮಾಷೆ. "ನಿಮ್ಮಲ್ಲಿ ಅವನಿಗೊಂದು ಜಾಗ ನೋಡ್ರೀ, ಬುದ್ಧಿವಂತ," ಎಂದು ಹೆಂಡತಿ ಗಂಟುಬಿದ್ದಿದ್ದಳು. ಇವನು ದೊಡ್ಡ ಮನಸ್ಸು ಮಾಡಿ ಶಿಫಾರಸು ಮಾಡಿದ. ಕೈಯಾರೆ ತಂದುಕೊಂಡದ್ದು, ಯಾರನ್ನು ದೂರುವುದು?

ಹೊಟ್ಟೆಕಿಚ್ಚು ಎಂಬ ಮಾತನ್ನು ಅವನು ತನ್ನ ಬಗ್ಗೆ ಎಂದೂ ಬಳಸಿರಲಿಲ್ಲ. ಓದಿದವನು, ಅದಕ್ಕೆ ಅವನಲ್ಲಿ 'ಪದ್ಧತಿಯ ಬಗ್ಗೆ ಕಾಳಜಿ' ಎಂಬ ಬೇರೆ ಹೆಸರಿತ್ತು. ಆದರೆ ಬಸ್ಸಿನ ಕಂಬಿ ಹಿಡಿದು ನಿಂತಾಗ ಎದೆಯ ಕೆಳಗೆ ಉರಿಯುತ್ತಿದ್ದುದು ಪದ್ಧತಿಯಲ್ಲ.

*

ಅವರ ಪ್ರಯೋಗಾಲಯ ಮೂರನೇ ಮಹಡಿಯ ಉದ್ದನೆಯ ಕೋಣೆ. ಮೇಜಿನ ಮೇಲೆ ಸಾಲಾಗಿ ಪುಟ್ಟ ಕಂಪ್ಯೂಟರುಗಳು, ಒಂದೊಂದೂ ದಪ್ಪ ನಿಘಂಟಿನಷ್ಟು. ತಯಾರಿಸಿದವರೆಲ್ಲ ನಮ್ಮದೇ ವೇಗ ಎನ್ನುತ್ತಾರೆ. ನಿಜ ಎಷ್ಟೆಂದು ಅಳೆದು ಹೇಳುವುದು ಇಲ್ಲಿಯ ಕೆಲಸ. ಡಿಸ್ಕು ಎಷ್ಟು ಬೇಗ ಬರೆದುಕೊಳ್ಳುತ್ತದೆ, ಬರೆದದ್ದನ್ನು ಎಷ್ಟು ಬೇಗ ಓದಿ ಹೇಳುತ್ತದೆ, ಅಷ್ಟೇ. ಹದಿಮೂರು ವರ್ಷದಿಂದ ಅವನು ಅದನ್ನೇ ಅಳೆಯುತ್ತಿದ್ದ.

ಅವನಿಗೊಂದು ಪದ್ಧತಿಯಿತ್ತು. ಪ್ರತಿ ಸಲವೂ ಯಂತ್ರವನ್ನು ಪೂರ್ತಿ ಆರಿಸಬೇಕು, ಹಿಂದಿನದು ಅದರ ನೆನಪಿನಲ್ಲಿ ಉಳಿಯಬಾರದು. ಪರೀಕ್ಷೆಯ ಫೈಲನ್ನು ನಿಜವಾದ ಸಾಮಾನಿನಿಂದಲೇ ಕಟ್ಟಬೇಕು: ಫೋಟೋಗಳು, ಪತ್ರಗಳು, ಹಾಡುಗಳು, ಲೆಕ್ಕಪತ್ರಗಳು, ಎಲ್ಲ ಕಲಸಿದ ರಾಶಿ. ಅದನ್ನು ಕಟ್ಟುವುದಕ್ಕೇ ಅರ್ಧ ದಿನ ಹೋಗುತ್ತದೆ. ಹೋದರೆ ಹೋಗಲಿ, ಸುಳ್ಳು ಮಾತ್ರ ನುಸುಳಬಾರದು.

ನಿನ್ನೆ ಷಡ್ಡಕ ಯಾರನ್ನೂ ಕೇಳದೆ ಒಂದು ಯಂತ್ರದ ಫೈಲ್ ಸಿಸ್ಟಮ್ ಬದಲಿಸಿದ. ಫೈಲುಗಳನ್ನು ಡಿಸ್ಕಿನಲ್ಲಿ ಎಲ್ಲಿಡಬೇಕು, ಹೇಗಿಡಬೇಕು ಎಂದು ತೀರ್ಮಾನಿಸುವ ವ್ಯವಸ್ಥೆ ಅದು. ಇವನು ವರ್ಷಗಟ್ಟಲೆ ನಂಬಿದ್ದ ಹಳೆಯದನ್ನು ತೆಗೆದು ಬೇರೊಂದನ್ನು ಹಾಕಿದ. ಇವನದೇ ರಾಶಿ, ಇವನದೇ ಪದ್ಧತಿ, ವೇಗ ಮಾತ್ರ ಎರಡು ಪಟ್ಟು. ನಿರ್ದೇಶಕಿ ಕುರ್ಚಿ ಎಳೆದುಕೊಂಡು ಬಂದು ನೋಡಿದರು. "ಇದು ನಮಗೆ ಇಷ್ಟು ವರ್ಷ ಹೊಳೀಲೇ ಇಲ್ವಲ್ಲ!" ಎಂದರು. ನಮಗೆ ಎಂದರೆ ಯಾರಿಗೆ ಎಂದು ಕೇಳುವ ಅಗತ್ಯವಿರಲಿಲ್ಲ.

ಒಂದು ಆಸ್ಪತ್ರೆಗೆ ಇಂಥ ಯಂತ್ರಗಳು ಬೇಕಿದ್ದವು. ಇಂದು ಮೂರು ಗಂಟೆಗೆ ತೀರ್ಮಾನ. ಇಬ್ಬರಲ್ಲಿ ಯಾರ ಜೋಡಣೆ ವೇಗವಾಗಿದೆಯೋ ಅದು ಹೋಗುತ್ತದೆ, ವಿಭಾಗವೂ ಅವರ ಕೈಗೆ ಹೋಗುತ್ತದೆ. ಸಂಜೆ ಮನೆಗೆ ಹೋಗಿ, ಚಪ್ಪಲಿ ಬಿಡುತ್ತ, ಅಂಥ ದೊಡ್ಡ ಸಂಗತಿಯೇನಲ್ಲ ಎಂಬಂತೆ "ಇವತ್ತು ನಾನು ಗೆದ್ದೆ" ಎಂದು ಹೆಂಡತಿಗೆ ಹೇಳಬೇಕು. ಅವಳು ಮಾತು ನಿಲ್ಲಿಸಿ ಆ ನಗು ನಗಬೇಕು. ಅವನಿಗೆ ಬೇಕಿದ್ದುದು ಇಷ್ಟೇ, ವಿಭಾಗ ಒಂದು ನೆಪ.

"ಭಾವ, ಕಾಫಿ?" ಷಡ್ಡಕ ಎರಡು ಲೋಟ ಹಿಡಿದು ಬಂದ. ಶರ್ಟಿನ ತೋಳು ಮಡಿಚಿದ್ದ. ಅವನು ಯಾವಾಗಲೂ ಈಗಷ್ಟೇ ಸ್ನಾನ ಮಾಡಿದವನ ಹಾಗೆ ಇರುತ್ತಾನೆ.

"ಬೇಡ."

"ಅಕ್ಕ ಹೇಳಿದ್ರು, ನೀವು ರಾತ್ರಿ ಸರಿಯಾಗಿ ಮಲಗಲಿಲ್ಲ ಅಂತ."

ಅಕ್ಕ ಅದನ್ನೂ ಹೇಳುತ್ತಾಳೆ. ಇನ್ನೇನೇನು ಹೇಳುತ್ತಾಳೋ. "ಮಲಗಿದ್ದೆ," ಎಂದು ಅವನು ಪರದೆಯ ಕಡೆ ತಿರುಗಿದ.

*

ಮಧ್ಯಾಹ್ನ ಷಡ್ಡಕ ಊಟಕ್ಕೆ ಹೋದಾಗ ಅವನು ಮೂರನೆಯದೊಂದು ಫೈಲ್ ಸಿಸ್ಟಮ್ ಹಾಕಿದ. ತೀರ ಹೊಸದು. ಅದರ ಕೈಪಿಡಿ ಓದಲು ಹೊತ್ತಿರಲಿಲ್ಲ. ವೇಗ ಎಂಬ ಮಾತು ಎಲ್ಲೆಲ್ಲಿ ಕಂಡಿತೋ ಆ ಗುಂಡಿಗಳನ್ನೆಲ್ಲ ಒತ್ತಿದ. ಹೊಸದು ಹಾಕಿದ್ದರಿಂದ ಡಿಸ್ಕು ಒರೆಸಿಹೋಗಿತ್ತು, ರಾಶಿಯನ್ನು ಮತ್ತೆ ಕಟ್ಟಬೇಕಾಗಿತ್ತು. ಅರ್ಧ ದಿನದ ಕೆಲಸ. ಗಡಿಯಾರ ನೋಡಿದ.

ಅಡ್ಡದಾರಿಯೊಂದಿತ್ತು. ಒಂದೇ ಸಾಲಿನ ಆಜ್ಞೆ ಕೊಟ್ಟರೆ ಯಂತ್ರ ತಾನೇ ಬೇಕಾದಷ್ಟು ದೊಡ್ಡ ಫೈಲು ಹುಟ್ಟಿಸುತ್ತದೆ, ಉದ್ದಕ್ಕೂ ಸೊನ್ನೆಗಳು. ಅವನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಡಿಸ್ಕಿಗೇನು, ಸೊನ್ನೆ ಬರೆದರೂ ಅಷ್ಟೇ ಭಾರ, ಪ್ರೇಮಪತ್ರ ಬರೆದರೂ ಅಷ್ಟೇ ಭಾರ. ಅವನು ಆಜ್ಞೆ ಕೊಟ್ಟ.

ಎಣಿಕೆ ಸರ್ರನೆ ಏರಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಷಡ್ಡಕನದರ ಐದು ಪಟ್ಟು.

ಪ್ರತಿ ಯಂತ್ರದ ಮುಖದ ಮೇಲೂ ಸಾಸಿವೆ ಕಾಳಿನಷ್ಟು ಹಸಿರು ದೀಪವಿರುತ್ತದೆ. ಡಿಸ್ಕು ಕೆಲಸ ಮಾಡುವಾಗ ಅದು ಪಟಪಟನೆ ಮಿಟುಕುತ್ತದೆ. ಪರದೆ ನೋಡದೆ, ಬರೀ ಆ ಮಿಟುಕು ನೋಡಿ ಯಂತ್ರದ ಹಣೆಬರಹ ಹೇಳಬಲ್ಲೆ ಎಂಬ ಜಂಬ ಅವನಿಗಿತ್ತು. ಈಗ ದೀಪ ಹತ್ತಿರಲಿಲ್ಲ. ಅವನು ಅದನ್ನು ನೋಡಿದ. ದೀಪ ಸುಟ್ಟುಹೋಗಿರಬೇಕು ಅಂದುಕೊಂಡ. ಇನ್ನೊಮ್ಮೆ ಓಡಿಸಿದ. ಮತ್ತೆ ಐದು ಪಟ್ಟು. ಎರಡನೆಯ ಸಲ ಅವನು ದೀಪದ ಕಡೆ ನೋಡಲಿಲ್ಲ.

ಮೂರು ಗಂಟೆಗೆ ನಿರ್ದೇಶಕಿ ಬಂದರು. ಅಂಕಿ ನೋಡಿ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಇದು ನಿಜವೇನ್ರೀ?"

"ಎರಡು ಸಲ ಓಡಿಸಿದೀನಿ ಮೇಡಂ."

"ನಿಮ್ಮ ಪದ್ಧತಿ ಗೊತ್ತಲ್ಲ, ನೀವು ಹೇಳಿದ್ರೆ ಮುಗೀತು. ಬೆಳಿಗ್ಗೆ ಆಸ್ಪತ್ರೆಗೆ ಕಳಿಸಿಬಿಡೋಣ." ಅವನ ಭುಜ ತಟ್ಟಿದರು. ಅವನ ಮುಖ ಊರಗಲವಾಯಿತು. ಷಡ್ಡಕನ ಮುಖ ಕಪ್ಪಿಡುವುದನ್ನು ಕಣ್ತುಂಬ ನೋಡೋಣವೆಂದು ತಿರುಗಿದ.

ಷಡ್ಡಕ ಚಪ್ಪಾಳೆ ತಟ್ಟುತ್ತಿದ್ದ. ನಿಜವಾದ ಚಪ್ಪಾಳೆ. ಫೋನು ತೆಗೆದು ಯಾರಿಗೋ ಏನೋ ಹೇಳುತ್ತ ಹೊರಗೆ ಹೋದ. ಸೋತವನಿಗೂ ಹೀಗೆ ಹಗುರಾಗಿ ನಡೆಯಲು ಬರುವುದಾದರೆ ಗೆದ್ದು ಏನು ಸುಖ?

*

ಸಂಜೆ ಹೊರಡುವ ಹೊತ್ತಿಗೆ ಅವನು ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತಿದ್ದ. ಷಡ್ಡಕ ಬಂದು ಪಕ್ಕದ ನಲ್ಲಿ ತಿರುಗಿಸಿದ.

"ಭಾವ, ಆ ಫೈಲಲ್ಲಿ ಏನಿತ್ತು?"

"ಏನಿರತ್ತೆ? ಮಾಮೂಲಿ."

"ನಾನೂ ಒಂದ್ಸಲ ಓಡಿಸಿ ನೋಡಿದೆ. ಲೈಟು ಹತ್ತಲಿಲ್ಲ."

"ಸುಟ್ಟುಹೋಗಿದೆ."

"ಇಲ್ಲ ಭಾವ. ನಮ್ಮ ರಾಶಿಯದ್ದೇ ಒಂದಿಷ್ಟು ಹಾಕಿದ್ರೆ ಹತ್ತತ್ತೆ. ಆಗ ವೇಗ ನಿಮ್ಮ ಹಳೇದಕ್ಕಿಂತ ಕಮ್ಮಿ." ಷಡ್ಡಕ ನೀರು ನಿಲ್ಲಿಸಿದ. ದನಿ ತಗ್ಗಿಸಿದ. "ಇದು ಕುಗ್ಗಿಸಿ ಇಡೋ ಸಿಸ್ಟಮ್ಮು. ಬರೀ ಸೊನ್ನೆ ಕೊಟ್ರೆ, ಇಷ್ಟು ಸೊನ್ನೆ ಅಂತ ಒಂದು ಗುರುತು ಮಾಡ್ಕೊಂಡು ಸುಮ್ನಾಗತ್ತೆ. ಬರೆಯೋದೇ ಇಲ್ಲ. ಬರೆದೆ ಅಂತ ಹೇಳತ್ತೆ ಅಷ್ಟೇ."

ಅವನು ಕೈ ಒರೆಸಿಕೊಳ್ಳುತ್ತಲೇ ಇದ್ದ.

"ಯಂತ್ರದ್ದೇನೂ ತಪ್ಪಿಲ್ಲ ಭಾವ. ನಾವು ಕೊಟ್ಟಿದ್ದೇ ಸೊನ್ನೆ."

ನಾವು ಎಂದ. ಬೈದಿದ್ದರೆ, ನಕ್ಕಿದ್ದರೆ, ನಿರ್ದೇಶಕಿಯ ಮುಂದೆ ಮಾನ ಕಳೆದಿದ್ದರೆ ಅವನನ್ನು ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಈ 'ನಾವು' ಅದಕ್ಕೂ ದಾರಿ ಬಿಡಲಿಲ್ಲ.

"ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ. ಬೆಳಿಗ್ಗೆ ನೀವೇ ಮೇಡಂಗೆ ಹೇಳಿಬಿಡಿ. ಆಸ್ಪತ್ರೇಲಿ ಹಾಕೋದು ಎಕ್ಸ್-ರೇ ಚಿತ್ರಗಳು, ಅವು ಕುಗ್ಗಲ್ಲ. ಅಲ್ಲಿ ಜನ ಕಾಯ್ತಾ ಕೂತಿರ್ತಾರೆ." ಸ್ವಲ್ಪ ತಡೆದು ಸೇರಿಸಿದ: "ಅಕ್ಕಂಗೆ ಮಾತ್ರ ಆಗಲೇ ಹೇಳಿಬಿಟ್ಟೆ, ಮೂರು ಗಂಟೆಗೆ. ಭಾವ ಎಲ್ಲರನ್ನೂ ಸೋಲಿಸಿದ್ರು ಅಂತ. ಆಗ ನಂಗೆ ಗೊತ್ತಿರ್ಲಿಲ್ಲ."

ಗೆಲುವು ಸುಳ್ಳು ಎಂಬುದಕ್ಕಿಂತ ಹೆಚ್ಚಾಗಿ ಅವನ ಎದೆಗೆ ನಾಟಿದ್ದು ಅದು. ಆ ಸುಳ್ಳನ್ನಾದರೂ ಹೆಂಡತಿಗೆ ತಾನೇ ಹೇಳಬೇಕೆಂದಿದ್ದ. ಅದನ್ನೂ ಷಡ್ಡಕನೇ ಹೇಳಿಯಾಗಿತ್ತು.

*

ಹೆಂಡತಿ ಸೋಫಾದ ಮೇಲೆ ಕಾಲು ಮಡಿಚಿ ಹೆಣೆಯುತ್ತಿದ್ದಳು. ತಲೆಯ ಮೇಲೆ ದೀಪ. ಸ್ವೆಟರಿಗೆ ಒಂದು ತೋಳು ಬಂದಿತ್ತು.

"ಗೆದ್ರಂತಲ್ಲ," ಎಂದಳು. "ಫೋನ್ ಮಾಡಿದ್ದ ಅವನು. ಒಳ್ಳೇದಾಯ್ತು ಬಿಡಿ."

"ಇನ್ನೇನು ಹೇಳಿದ?"

ಅವಳು ಕಡ್ಡಿಗಳನ್ನು ಮಡಿಲಿಗೆ ಬಿಟ್ಟಳು. "ಮಗು ತುಂಬ ಅವಸರದ್ದಂತೆ, ಒದ್ದೂ ಒದ್ದೂ ಸಾಕು ಮಾಡಿದೆಯಂತೆ. ಅದಕ್ಕೇ ಭಾವನ ಹೆಸರೇ ಇಡ್ತೀನಿ, ಈಗ ಅವರದೇ ಅಲ್ವಾ ಎಲ್ಲರಿಗಿಂತ ವೇಗ ಅಂದ..." ಮಾತು ಮುಗಿಸಲಾಗಲಿಲ್ಲ. ಬೆಳಗಿನದೇ ನಗು. ಉಸಿರು ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬಂತು. ಅವನು ಅಲ್ಲೇ, ಎರಡು ಹೆಜ್ಜೆ ದೂರದಲ್ಲಿ, ಇನ್ನೂ ಚಪ್ಪಲಿ ಬಿಡದೆ ನಿಂತು ಆ ನಗು ಮುಗಿಯುವುದನ್ನು ಕಾದ.

ನಗು ಮುಗಿಯಿತು. ಅವಳು ಕಣ್ಣೊರೆಸಿಕೊಂಡು ಮತ್ತೆ ಕಡ್ಡಿ ಹಿಡಿದಳು. ತುಟಿ ಅಲುಗುತ್ತಿತ್ತು, ಹೆಣಿಗೆಯ ಕುಣಿಕೆ ಎಣಿಸುತ್ತಿದ್ದಳು.

ಅವನು ಎದುರಿನ ಕುರ್ಚಿಯಲ್ಲಿ ಕುಳಿತ.

"ಆ ಅಂಕಿ ತಪ್ಪು," ಎಂದ.

"ಹೂಂ."

"ಫೈಲಿನಲ್ಲಿ ಏನೂ ಇರಲಿಲ್ಲ. ನಾನು ಅವಸರದಲ್ಲಿ ಸೊನ್ನೆ ತುಂಬಿದ್ದೆ. ಬೆಳಿಗ್ಗೆ ಅದು ಆಸ್ಪತ್ರೆಗೆ ಹೋಗತ್ತೆ. ಹೇಳಿದ್ರೆ ನನ್ನ ಕಥೆ ಮುಗೀತು. ಹೇಳದೆ ಇದ್ರೂ ಅವನಿಗೆ ಗೊತ್ತು."

"ಹೂಂ."

ಇಷ್ಟು ಸಲೀಸಾಗಿ ಒಪ್ಪಿಕೊಂಡೆನಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು. ಸಂಜೆಯಿಂದ ಹೊತ್ತುಕೊಂಡು ಬಂದಿದ್ದುದು ಹೊರಗೆ ಬಂದಿತ್ತು, ಕೋಣೆಯಲ್ಲಿ ಏನೂ ಆಗಿರಲಿಲ್ಲ. ಆ ಧೈರ್ಯದಲ್ಲಿ, ಬೆಳಗಿನಿಂದಲ್ಲ, ಹತ್ತಿರಹತ್ತಿರ ಎರಡು ವರ್ಷದಿಂದ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟ.

"ನಿನಗೆ ನನಗಿಂತ ಅವನೇ ಹೆಚ್ಚು ಅಲ್ವಾ?"

"ಹೂಂ," ಎಂದಳು ಅವಳು.

ಅವಳ ಮುಖ ನೋಡಿದ. ಅಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ಕಡ್ಡಿಗಳು ಒಂದರ ಮೇಲೊಂದು ಹೋಗಿಬರುತ್ತಿದ್ದವು. ಇದು ಉತ್ತರವೋ ಬರೀ ಸದ್ದೋ? ಅಳೆದು ಅಳೆದು ಅಭ್ಯಾಸವಾದ ಮನುಷ್ಯ. ತಿಳಿಯುವ ದಾರಿ ಒಂದೇ ಇತ್ತು. ಏನೂ ಇಲ್ಲದ ಮಾತಿಗೂ ಅವಳು ಹೂಂಗುಟ್ಟಿದರೆ ಆ ಹೂಂಗೆ ಅರ್ಥವಿಲ್ಲ.

"ಸೊನ್ನೆ," ಎಂದ.

"ಹೂಂ."

ನೆಮ್ಮದಿಯಾಗಬೇಕಿತ್ತು. ಅವನು ಮುಂದಕ್ಕೆ ಬಾಗಿದ.

"ಸೊನ್ನೆ, ಸೊನ್ನೆ."

"ಹೂಂ. ಐವತ್ತೆರಡು, ಐವತ್ಮೂರು..."

ಒಂದು ಸಲ ತಲೆ ಎತ್ತಿದರೆ ಸಾಕಿತ್ತು. 'ಏನ್ರೀ ನಿಮ್ಮದು, ತಲೆ ಕೆಟ್ಟಿದೆಯಾ?' ಎಂದರೂ ಸಾಕಿತ್ತು. ಅವನು ಅವಳ ಹಣೆಯನ್ನೇ, ಹುಬ್ಬುಗಳ ನಡುವಿನ ಆ ಚೂರು ಜಾಗವನ್ನೇ, ಅಲ್ಲೊಂದು ದೀಪ ಮಿಟುಕೀತೇನೋ ಎಂಬಂತೆ ನೋಡುತ್ತ, ತಗ್ಗಿದ ದನಿಯಲ್ಲಿ, ಒಂದೇ ಸಮನೆ ಹೇಳುತ್ತ ಹೋದ: ಸೊನ್ನೆ, ಸೊನ್ನೆ, ಸೊನ್ನೆ. ಅವಳು ತಡವಿಲ್ಲದೆ ಹೂಂಗುಟ್ಟುತ್ತ ಹೋದಳು. ದೀಪದ ಕೆಳಗೆ ಆ ಎರಡು ಕಡ್ಡಿಗಳ ತುದಿ ಮಾತ್ರ ಮಿನುಗುತ್ತಿತ್ತು, ಇನ್ನೂ ಹುಟ್ಟದ ಮಗುವಿನ ಎರಡನೆಯ ತೋಳು ಕುಣಿಕೆ ಕುಣಿಕೆಯಾಗಿ ಬೆಳೆಯುತ್ತಿತ್ತು.